ದೋಟಿ ಕೆಲಸ ಮತ್ತು ಭುಜದ ನೋವು



ಅಡಿಕೆಗೆ ಕೊಳೆ ಬಂದರೆ ನಾವು ನಿದ್ದೆ ಬಿಡುತ್ತೇವೆ. ಭುಜಕ್ಕೆ ನೋವು ಬಂದರೆ ಮಾತ್ರ ಶೀತ, ವಾಯು ಎಂದು ಎಣ್ಣೆ ತಿಕ್ಕಿ ಮರುದಿನ ತೋಟಕ್ಕೆ ಇಳಿಯುತ್ತೇವೆ. ಹಾಗೆ ಮಾಡಿ ಕೆಟ್ಟವರಲ್ಲಿ ನಾನೂ ಒಬ್ಬನಾದುದರಿಂದ ಈ ನಾಲ್ಕು ಮಾತು.

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ಗುಂಡುತಲೆ ಆಳವಿಲ್ಲದ ಬಟ್ಟಲಿನಂಥ ಕುಳಿಯಲ್ಲಿ ಕುಳಿತಿದೆ. ಅದು ಜಾರದಂತೆ ನಾಲ್ಕು ಸ್ನಾಯುಗಳು ಸುತ್ತಲೂ ಹಿಡಿದಿವೆ. ಇವನ್ನು ಮೂಳೆಗೆ ಬಿಗಿಯುವ ಹುರಿಯಂಥ ಭಾಗವೇ ಸ್ನಾಯುರಜ್ಜು. ಮೇಲ್ಭಾಗದ ರಜ್ಜು ಎರಡು ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಹೆಚ್ಚಾಗಿ ಸವೆಯುವುದು, ಹರಿಯುವುದು ಅದೇ.

ಕೈಯನ್ನು ಹೆಗಲಿಗಿಂತ ಮೇಲೆತ್ತಿ, ಭಾರ ಹಿಡಿದು, ಒಂದೇ ಕೆಲಸವನ್ನು ಪದೇ ಪದೇ ಮಾಡುವುದು ಮುಖ್ಯ ಕಾರಣ. ಕೊನೆ ಕೊಯ್ಲು, ಔಷಧಿ ಸಿಂಪಡಣೆ, ಮರಗಸಿ ಎಲ್ಲವೂ ಇಂಥವೇ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರದಿಂದ ಬೀಳುವ ಭಯ ತಪ್ಪಿದೆ, ನಿಜ. ಆದರೆ ಕಾಲಿನ ಶ್ರಮ ಭುಜಕ್ಕೆ ವರ್ಗವಾಗಿದೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ಹಿಂದೆ ಭುಜಕ್ಕೆ ಪೆಟ್ಟಾದವರು ಹೆಚ್ಚು ಎಚ್ಚರವಾಗಿರಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದು ಕೊಯ್ಲಿನ ಮೊದಲ ದಿನವೇ ಇಡೀ ದಿನ ದೋಟಿ ಹಿಡಿಯುವುದೂ ಅಪಾಯ.

ಕೊನೆಗಾರ ಕೈಕೊಟ್ಟ ವರ್ಷ ನಾನು ಮಾಡಿದ್ದು ಇದನ್ನೇ. ನಾಲ್ಕನೆಯ ರಾತ್ರಿ ಬಲ ಮಗ್ಗುಲಿಗೆ ಮಲಗಲಾಗಲಿಲ್ಲ. ಆದರೂ ಕೊಯ್ಲು ಮುಗಿಸಿದೆ. ತಿಂಗಳ ನಂತರ ಅಂಗಿ ತೊಡಲು ಮನೆಯವರ ಸಹಾಯ ಬೇಕಾಯಿತು. ರಜ್ಜು ಅರ್ಧ ಹರಿದಿದೆ ಎಂದು ವೈದ್ಯರು ಹೇಳಿದರು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ; ವ್ಯಾಯಾಮದಿಂದಲೇ ಗುಣವಾಯಿತು. ಆದರೆ ಆ ಸಾಲಿನ ಕಾಫಿ ಕಸಿಯನ್ನೆಲ್ಲ ಕೂಲಿ ಕೊಟ್ಟು ಮಾಡಿಸಿದೆ. ಮೊದಲೇ ನಾಲ್ಕು ದಿನ ಆಳು ಹಿಡಿದಿದ್ದರೆ ಖರ್ಚು ಎಷ್ಟೋ ಕಡಿಮೆಯಾಗುತ್ತಿತ್ತು.

ಆದುದರಿಂದ, ಮೊದಲ ವಾರ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ. ಇಬ್ಬರಿದ್ದು ಸರದಿಯಲ್ಲಿ ದೋಟಿ ಹಿಡಿಯಿರಿ. ಮೊಣಕೈ ಆದಷ್ಟು ಮೈಗೆ ಹತ್ತಿರವಿರಲಿ. ಕೊಯ್ಲು ಮುಗಿಯಲೆಂದು ಮೇಲಿಂದ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಅದರಿಂದ ರಜ್ಜು ದುರ್ಬಲವಾಗಬಹುದು. ಕೈಯನ್ನು ತಿಂಗಳುಗಟ್ಟಲೆ ಕಟ್ಟಿಹಾಕಿದರೂ ಕೀಲು ಬಿಗಿದುಕೊಳ್ಳುತ್ತದೆ. ರಾತ್ರಿ ನೋವು ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಿರಿ. ಬಿದ್ದು ಅಥವಾ ಜಗ್ಗಿ ಕೈ ಒಮ್ಮೆಲೇ ಎತ್ತಲಾಗದಿದ್ದರೆ ಒಂದು ದಿನವೂ ಕಾಯಬಾರದು.

ನಮ್ಮ ಆಳುಗಳ ಭುಜಕ್ಕೂ ಈ ಮಾತೆಲ್ಲ ಅನ್ವಯಿಸುತ್ತದೆ ಎಂಬುದನ್ನು ಮರೆಯದಿರೋಣ.

– ಕಾರ್ಯದರ್ಶಿ