ಜ್ವರದ ಗುಟ್ಟು ಕೊಟ್ಟಿಗೆಯಲ್ಲಿತ್ತು

ನಮ್ಮದು ಆರೆಕರೆ ಖುಷ್ಕಿ ಜಮೀನು. ಮಳೆ ಕೈಕೊಟ್ಟ ವರ್ಷ ಸಂಸಾರ ನಡೆಯುವುದು ಎರಡು ಹಸುಗಳ ಹಾಲಿನ ಮೇಲೆ. ಅದರಲ್ಲೊಂದು ಏಳು ತಿಂಗಳಿಗೇ ಕಂದು ಹಾಕಿತು. ಮಾಸು ಬೀಳಲಿಲ್ಲ. ನಮ್ಮಪ್ಪ ಮಾಡುತ್ತಿದ್ದ ಹಾಗೆ ನಾನೂ ಬರಿಗೈಯಲ್ಲೇ ತೆಗೆದೆ. ಬೆರಳಲ್ಲಿ ಕುಡುಗೋಲಿನ ಗಾಯ ಬೇರೆ ಇತ್ತು.

ತಿಂಗಳಾಗುವುದರೊಳಗೆ ನನಗೆ ಜ್ವರ. ಸಂಜೆಯಾದರೆ ಮೈ ಕಾದು, ರಾತ್ರಿ ಹೊದಿಕೆ ತೋಯುವಷ್ಟು ಬೆವರು. ಸೊಂಟ, ಕೀಲು ಹಿಡಿದುಕೊಂಡವು. ಮಲೇರಿಯಾ ಪರೀಕ್ಷೆ ಮಾಡಿದರು, ಇಲ್ಲ ಅಂತ ಬಂತು. ಟೈಫಾಯ್ಡ್ ಇರಬಹುದು ಅಂತ ಮಾತ್ರೆ ಕೊಟ್ಟರು. ಬಿಟ್ಟಂಗಾಗಿ ಮತ್ತೆ ಬಂತು. ಎರಡು ತಿಂಗಳು ಹೀಗೇ ಹೋಯಿತು. ಬಿತ್ತನೆಗೆ ಆಳಿನ ಕೈ ನೋಡಬೇಕಾಯಿತು.

ಕೊನೆಗೆ ಇನ್ನೊಬ್ಬ ಡಾಕ್ಟರು ಕೇಳಿದರು, 'ಯಜಮಾನ್ರೇ, ಮನೇಲಿ ದನಕರು ಇದಾವಾ? ಯಾವುದಾದ್ರೂ ಕಂದು ಹಾಕಿತ್ತಾ?' ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವರು ಬರೆದುಕೊಟ್ಟ ರಕ್ತಪರೀಕ್ಷೆಯಲ್ಲಿ ಬ್ರುಸೆಲ್ಲಾ ಅಂತ ಬಂತು. ಅದೇ ನಮ್ಮ ದನಗಳ ಕಂದು ರೋಗ. ಎರಡು ಬಗೆ ಔಷಧಿ ಆರು ವಾರ ಬಿಡದೆ ತಿಂದೆ. ಈಗ ಆರಾಮ.

ಆಮೇಲೆ ಪಶುವೈದ್ಯರು ಎರಡೂ ಹಸುಗಳ ರಕ್ತ ತೆಗೆದರು. ರಕ್ತದ ತಿಳಿ ಒಂದು ಹನಿ, ಸತ್ತ ರೋಗಾಣು ಬೆರೆತ ಗುಲಾಬಿ ದ್ರಾವಣ ಒಂದು ಹನಿ ಸೇರಿಸಿ ನಾಲ್ಕು ನಿಮಿಷ ಅಲ್ಲಾಡಿಸುತ್ತಾರೆ. ಸೋಂಕಿದ್ದರೆ ಹಾಲು ಒಡೆದಂತೆ ಕಾಳುಕಾಳಾಗುತ್ತದೆ. ಲಸಿಕೆ ಹಾಕಿದ ದನದಲ್ಲೂ ಹೀಗೆ ಕಾಣಬಹುದು. ಅದಕ್ಕೇ ಲಸಿಕೆ ಹಾಕಿಸಿದ್ದರೆ ಮೊದಲೇ ಹೇಳಬೇಕು, ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳಬೇಕು. ನಮ್ಮಲ್ಲಿ ಕಂದು ಹಾಕಿದ ಹಸುವಿಗೆ ರೋಗ ಖಾತ್ರಿಯಾಯಿತು. ಇನ್ನೊಂದಕ್ಕೆ ಇರಲಿಲ್ಲ.

ದಲ್ಲಾಳಿ ಒಳ್ಳೆ ರೇಟಿಗೇ ಕೇಳಿದ. ಮನಸ್ಸು ಬರಲಿಲ್ಲ. ಅದನ್ನು ಮಾರುವುದೂ ಒಂದೇ, ಇನ್ನೊಬ್ಬ ರೈತನ ಮನೆಗೆ ರೋಗ ಕಳಿಸುವುದೂ ಒಂದೇ. ಬೇರೆ ಕಟ್ಟಿ ಸಾಕುತ್ತಿದ್ದೇನೆ.

ರೈತ ಬಾಂಧವರೇ, ಲ್ಯಾಬು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಜ್ವರ ಅಂತ ಹೋದಾಗ ಕೊಟ್ಟಿಗೆಯ ಸಮಾಚಾರವನ್ನೂ ಡಾಕ್ಟರಿಗೆ ಹೇಳಿ. ಕಂದು ಹಾಕಿದ ದನದ ಮಾಸು ಬರಿಗೈಲಿ ಮುಟ್ಟಬೇಡಿ, ಸುಣ್ಣ ಹಾಕಿ ಆಳಕ್ಕೆ ಹೂಳಿ. ಹಾಲು ಕಾಯಿಸದೆ ಕುಡಿಯಬೇಡಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿ, ಜೀವಮಾನಕ್ಕೆ ಒಂದೇ ಸಲ ಸಾಕು. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಈ ಲಸಿಕೆಯೂ ಸೇರಿದೆ.