ರ‍್ಯಾಲಿ ಕ್ಲಚ್ ನಮ್ಮ ಕಾರಿಗೆ ಬೇಕಾ?

ಪ್ರಶ್ನೆ: ನನ್ನ ಪೋಲೋ ಟಿಎಸ್‌ಐ ಕಾರಿನ ಕ್ಲಚ್ ಸವೆದಂತಿದೆ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ. ರ‍್ಯಾಲಿ ಕಾರುಗಳಿಗೆ ಹಾಕುವಂಥ ಕ್ಲಚ್ ಹಾಕಿಸಲೇ?
– ಓದುಗರೊಬ್ಬರು, ಕಡಬ

ಉತ್ತರ: ಬೇಡ. ನಿಮ್ಮ ಒಂದು ಲೀಟರ್ ಟರ್ಬೊ ಎಂಜಿನ್ನಿನ ಟಾರ್ಕ್ 175 ನ್ಯೂಟನ್ ಮೀಟರ್. ಅದನ್ನು ಜಾರದೆ ಹೊರಲು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚಿನ ಹಿಡಿತವೇ ಮೂಲ ಕ್ಲಚ್ಚಿಗಿರುತ್ತದೆ.

ರ‍್ಯಾಲಿ ಕಾರುಗಳಲ್ಲಿ ಹೆಚ್ಚಾಗಿ ಲೋಹ-ಸೆರಾಮಿಕ್ ಬಿಲ್ಲೆಗಳ ಪ್ಲೇಟ್ ಇರುತ್ತದೆ. ಎಷ್ಟು ಕಾದರೂ ಜಗ್ಗದು, ನಿಜ. ಆದರೆ ‘ಹಾಫ್ ಕ್ಲಚ್’ ಅಂದರೇನೆಂದೇ ಅದಕ್ಕೆ ಗೊತ್ತಿಲ್ಲ; ಕಾಲು ಸಡಿಲಿಸಿದೊಡನೆ ಗಬಕ್ಕನೆ ಕಚ್ಚುತ್ತದೆ. ಗುಬ್ಬಿ ಪೇಟೆಯಲ್ಲಿ ಕೊಬ್ಬರಿ ಹೇರಿದ ಟ್ರ್ಯಾಕ್ಟರ್ ಹಿಂದೆ ತೆವಳುವಾಗ ನಿಮ್ಮ ಕಾರು ಕಪ್ಪೆಯಂತೆ ಕುಪ್ಪಳಿಸೀತು!

ಮೊದಲು ಕ್ಲಚ್ ನಿಜಕ್ಕೂ ಸವೆದಿದೆಯೇ ನೋಡಿಕೊಳ್ಳಿ. ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಮಾತ್ರ ಏರದಿದ್ದರೆ ಜಾರುತ್ತಿದೆ ಎಂದೇ ಅರ್ಥ. ಸುಟ್ಟ ವಾಸನೆಯೂ ಬಂದೀತು.

ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಹಾಗಾಗಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ. ಫ್ಲೈವೀಲಿನ ಮೇಲೆ ನೀಲಿಗಟ್ಟಿದ ಕಲೆಗಳಿವೆಯೇ ಎಂದು ನಿಂತು ನೋಡಿ. ಕ್ರ್ಯಾಂಕ್ ಸೀಲಿನಲ್ಲಿ ಆಯಿಲ್ ಜಿನುಗುತ್ತಿದ್ದರೆ ಅದನ್ನೂ ಆಗಲೇ ಬದಲಿಸಿ. ಆಯಿಲ್ ತಾಗಿದರೆ ಹೊಸ ಕ್ಲಚ್ಚೂ ಜಾರುತ್ತದೆ.