ಲ್ಯಾಪ್‌ಟಾಪ್ ತುಂಬಿದೆಯಾ? ಡಿಲೀಟ್ ಹೊಡೆಯುವ ಮುಂಚೆ ಕಾಳು-ಹೊಟ್ಟು ಬೇರೆ ಮಾಡಿ

"ಅಣ್ಣಾ, ಲ್ಯಾಪ್‌ಟಾಪ್ ತುಂಬಿ ಕುಂತೈತಿ. ಒಂದು ಫೋಟೋನೂ ಹಿಡಿಯವಲ್ದು. ಎಲ್ಲಾ ಡಿಲೀಟ್ ಹೊಡದು ಬಿಡ್ಲೇನು?"

ಹೋದ ವಾರ ಕುಷ್ಟಗಿ ಕಡೆಯ ದಾಳಿಂಬೆ ಬೆಳೆಯುವ ಹುಡುಗನೊಬ್ಬ ಫೋನ್ ಮಾಡಿ ಕೇಳಿದ. "ತಡಿ ತಮ್ಮಾ, ಇನ್ನೂ ಏನೂ ಮುಟ್ಟಬ್ಯಾಡ" ಅಂದೆ. ಯಾಕೆಂದರೆ ಹೀಗೇ "ಎಲ್ಲಾ" ಡಿಲೀಟ್ ಹೊಡೆದು ಎರಡು ವರ್ಷದ ದಾಖಲೆ ಕಳಕೊಂಡವನು ನಾನು.

ನನ್ನದು ಕಾಲೇಜಿನಲ್ಲಿ ಓದುವಾಗ ತಗೊಂಡ ಲ್ಯಾಪ್‌ಟಾಪ್. 500 ಜಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ್‍ಯಾಮ್. ದಾಳಿಂಬೆ ತೋಟವನ್ನು ಸಾವಯವಕ್ಕೆ ತಿರುಗಿಸಿ ಮೂರನೇ ವರ್ಷ ನಡೆದಿತ್ತು. ಪ್ರಮಾಣಪತ್ರದ ತಪಾಸಣೆಗೆ ಎರಡು ವಾರ ಬಾಕಿ ಇರುವಾಗ ಸಿ ಡ್ರೈವ್ ಕೆಂಪಾಯಿತು. ಸೆಟ್ಟಿಂಗ್ಸ್‌ನಲ್ಲಿ ಟೆಂಪರರಿ ಫೈಲ್ಸ್ ತೆಗೆದೆ. ಅಲ್ಲಿದ್ದ ಪ್ರತಿ ಚೌಕಕ್ಕೂ ಟಿಕ್ ಹಾಕಿ ಅಳಿಸಿಬಿಟ್ಟೆ. ಅರವತ್ತು ಜಿಬಿ ಖಾಲಿ ಆಯಿತು. ಖುಷಿಯೋ ಖುಷಿ.

ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅನ್ನುವ ಚೌಕವೂ ಇತ್ತು. ನಾನು ಫೋನಿನ ಫೋಟೋಗಳನ್ನು ವಾಟ್ಸಾಪ್ ವೆಬ್‌ನಲ್ಲಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುತ್ತಿದ್ದೆ. ಅವೆಲ್ಲ ಹೋಗಿ ಕೂರುವುದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ. ಫೋನಿನಲ್ಲಿ ಜಾಗ ಇಲ್ಲವೆಂದು ಅಲ್ಲಿಂದ ಮೊದಲೇ ಅಳಿಸಿದ್ದೆ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಗೊಬ್ಬರದ ಗುಂಡಿ, ಬದುವಿನ ಬೇಲಿ, ಮಣ್ಣು ಪರೀಕ್ಷೆ ವರದಿ, ಎಲೆ ಚುಕ್ಕೆ, ಕಾಯಿ ಚುಕ್ಕೆ, ಎಲ್ಲವೂ ಹೋದವು.

ತಪಾಸಣೆಯಲ್ಲಿ ನನ್ನನ್ನು ಉಳಿಸಿದ್ದು ಅಪ್ಪನ ಒತ್ತಾಯಕ್ಕೆ ಬರೆದಿಟ್ಟ ನೋಟ್‌ಬುಕ್ ಮತ್ತು ಬಿಲ್ಲುಗಳ ಚೀಲ. ಪ್ರಮಾಣಪತ್ರ ಬಂತು. ಆದರೆ ದುಂಡಾಣು ಅಂಗಮಾರಿ ಮೊದಲು ಯಾವ ಸಾಲಿನಲ್ಲಿ, ಯಾವ ಮಳೆಯ ನಂತರ ಕಾಣಿಸಿತು ಅಂತ ಎರಡು ವರ್ಷ ತೆಗೆದ ಫೋಟೋ ಮಾತ್ರ ಮತ್ತೆ ಸಿಗಲಿಲ್ಲ. ಈಗಲೂ ಮುಂಗಾರು ಶುರುವಾದಾಗ ಆ ಫೋಟೋಗಳ ನೆನಪಾಗುತ್ತದೆ.

ಮೊದಲು ಯಾವುದು ಜಾಗ ತಿಂದಿದೆ ನೋಡಿ

500 ಜಿಬಿ ಡಿಸ್ಕ್ ತಗೊಂಡರೂ ವಿಂಡೋಸ್ ತೋರಿಸುವುದು 465 ಜಿಬಿ. ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಹೀಗೆ ಒಳಗೆ ಹೋಗಿ. ಯಾವುದು ಎಷ್ಟು ತುಂಬಿದೆ ಎಂದು ಪಟ್ಟಿ ಬರುತ್ತದೆ. ಅಳಿಸುವುದು ಆಮೇಲೆ, ಮೊದಲು ಓದಿ.

ಒಂದು ಸಣ್ಣ ಲೆಕ್ಕ ಹಾಕೋಣ. ಫೋನಿನಲ್ಲಿ ತೆಗೆದ ಒಂದು ಫೋಟೋ ಸುಮಾರು 4 ಎಂಬಿ. ವಾರಕ್ಕೆ 20 ಫೋಟೋ ತೆಗೆದರೂ ವರ್ಷಕ್ಕೆ ಸುಮಾರು 4 ಜಿಬಿ. ಅದೇ ಫೋನಿನಲ್ಲಿ 1080ರ ಗುಣಮಟ್ಟದ ವಿಡಿಯೋ ತೆಗೆದರೆ ಒಂದು ನಿಮಿಷಕ್ಕೇ ಸುಮಾರು 100 ಎಂಬಿ. ಅಂದರೆ 40 ನಿಮಿಷದ ವಿಡಿಯೋ ತಿನ್ನುವ ಜಾಗದಲ್ಲಿ ನಿಮ್ಮ ತೋಟದ ಇಡೀ ವರ್ಷದ ಫೋಟೋ ಕೂರುತ್ತದೆ. ಖರ್ಚು-ವೆಚ್ಚದ ಎಕ್ಸೆಲ್ ಶೀಟಂತೂ ಒಂದು ಫೋಟೋದಷ್ಟೂ ಇರುವುದಿಲ್ಲ.

ರಾಶಿ ಮಾಡಿದವರಿಗೆ ಇದು ಗೊತ್ತಿರುವ ಮಾತೇ: ಕಣದ ತುಂಬ ಕಾಣುವುದು ಹೊಟ್ಟು, ಕಾಳು ಇರುವುದು ಕಡಿಮೆ. ನಾವು ಜಾಗ ಬೇಕೆಂದು ಕಾಳನ್ನೇ ತೂರಿ ಬಿಡುತ್ತೇವೆ.

ಯಾವುದು ಕಾಳು, ಯಾವುದು ಹೊಟ್ಟು?

ಪ್ರತಿ ಫೈಲಿಗೂ ಒಂದೇ ಪ್ರಶ್ನೆ ಕೇಳಿ: ಇದು ಹೋದರೆ ಮತ್ತೆ ಸಿಗುತ್ತದೆಯೇ?

ಮತ್ತೆ ಸಿಗುವುದು ಹೊಟ್ಟು. ಪಹಣಿ ಭೂಮಿ ಜಾಲತಾಣದಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ. ವಿಶ್ವವಿದ್ಯಾಲಯದ ಬೇಸಾಯ ಕೈಪಿಡಿ, ಯೂಟ್ಯೂಬ್‌ನಿಂದ ಇಳಿಸಿದ ವಿಡಿಯೋ, ಸಿನಿಮಾ, ಒಮ್ಮೆ ಹಾಕಿ ಮರೆತ ಸಾಫ್ಟ್‌ವೇರ್ ಫೈಲು, ಗ್ರೂಪಿನಲ್ಲಿ ಬಂದ ಶುಭೋದಯದ ಚಿತ್ರ ಇವೆಲ್ಲ ಇದೇ ಗುಂಪು.

ಮತ್ತೆ ಸಿಗದ್ದು ಕಾಳು. ನಮ್ಮ ಜಿಲ್ಲೆಯ ಲೆಕ್ಕದಲ್ಲೇ ಹೇಳುತ್ತೇನೆ:

• ಕುಷ್ಟಗಿ, ಕೊಪ್ಪಳದ ಹಣ್ಣಿನ ತೋಟದವರಿಗೆ: ಚಾಟ್ನಿ ಮಾಡಿದ ದಿನ, ನೀರು ಬಿಟ್ಟ ದಿನ, ಸಿಂಪಡಣೆ ದಾಖಲೆ, ರೋಗದ ಫೋಟೋ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ ಮೂರು ವರ್ಷ. ಮೊದಲ ವರ್ಷದ ದಾಖಲೆಯನ್ನು ಮೂರನೇ ವರ್ಷ ಕೇಳುತ್ತಾರೆ. ತಾಮ್ರದ ಬಳಕೆಗೆ ಮಿತಿ ಇರುವುದರಿಂದ ಬೋರ್ಡೋ ದ್ರಾವಣ ಎಷ್ಟು ಸಲ, ಎಷ್ಟು ಹೊಡೆದಿರಿ ಎಂಬುದೂ ಬೇಕು.

• ಗಂಗಾವತಿಯ ಎಡದಂಡೆ ಕಾಲುವೆ ಕೆಳಗಿನ ಭತ್ತದವರಿಗೆ: ಬೀಜ, ಗೊಬ್ಬರದ ಬಿಲ್ಲು, ತಳಿವಾರು ಇಳುವರಿ, ಮಾರಿದ ತೂಕದ ಚೀಟಿ.

• ಯಲಬುರ್ಗಾದ ಒಣಬೇಸಾಯದವರಿಗೆ: ಬಿತ್ತಿದ ದಿನ, ಮಳೆ ಬಿದ್ದ ದಿನ, ಬೆಳೆ ಹಾಳಾದಾಗಿನ ಫೋಟೋ. ಫಸಲ್ ಬಿಮಾದಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು 72 ಗಂಟೆ ಒಳಗೆ ತಿಳಿಸಬೇಕು. ಆಗ ಫೋನು, ಲ್ಯಾಪ್‌ಟಾಪ್ ಎರಡೂ ತುಂಬಿ ಕುಂತಿದ್ದರೆ ಏನು ಮಾಡ್ತೀರಿ?

ಜಾಗ ಮಾಡುವ ಕ್ರಮ

ಈ ಕ್ರಮ ತಪ್ಪಿಸಬೇಡ್ರಿ. ನಾನು ಐದನೆಯದರಿಂದ ಶುರು ಮಾಡಿ ಕೆಟ್ಟೆ.

1. ಕಾಳಿನ ಫೋಲ್ಡರ್ ಮಾಡಿ. ಹೊಲದ ಹೆಸರು, ಒಳಗೆ ವರ್ಷ. ಫೈಲಿನ ಹೆಸರು ದಿನಾಂಕದಿಂದ ಶುರುವಾಗಲಿ: 2025-07-14 ಎಡ ಸಾಲು ಎಲೆ ಚುಕ್ಕೆ. ವರ್ಷ ಮೊದಲು ಬರೆದರೆ ಎಲ್ಲವೂ ತಾನಾಗಿ ಸಾಲಾಗಿ ನಿಲ್ಲುತ್ತವೆ.

2. ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ಕಾಳನ್ನು ಆ ಫೋಲ್ಡರ್‌ಗೆ ಸಾಗಿಸಿ.

3. ಕಾಳಿನ ಫೋಲ್ಡರ್‌ನ ಇನ್ನೊಂದು ಪ್ರತಿ ಬೇರೆ ಕಡೆ ಮಾಡಿ. ಅಲ್ಲಿ ನಾಲ್ಕಾರು ಫೈಲು ತೆರೆದು ನೋಡಿ. ತೆರೆದರೆ ಮಾತ್ರ ಪ್ರತಿ ಆಯಿತು ಅಂತ ಅರ್ಥ.

4. ಈಗ ದೊಡ್ಡ ಹೊಟ್ಟಿಗೆ ಕೈ ಹಾಕಿ. ಫೋಲ್ಡರ್‌ನಲ್ಲಿ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿದರೆ ಸಿನಿಮಾ, ವಿಡಿಯೋ ಮೇಲೆ ಬರುತ್ತವೆ. ಹತ್ತು ಅಳಿಸಿದರೆ ಸಾಕು, ಸಾವಿರ ಸಣ್ಣ ಫೈಲು ಹುಡುಕುವ ಕೆಲಸ ತಪ್ಪುತ್ತದೆ. ಬಳಸದ ಆಪ್, ಆಟ ತೆಗೆದು ಹಾಕಿ.

5. ಕೊನೆಗೆ ಟೆಂಪರರಿ ಫೈಲ್ಸ್. ಇಲ್ಲಿ ಡೌನ್‌ಲೋಡ್ಸ್ ಚೌಕದ ಟಿಕ್ ತೆಗೆಯಿರಿ. ಹಳೆಯ ವಿಂಡೋಸ್ ಆವೃತ್ತಿ ಅಂತ ಕಂಡರೆ, ಹೊಸದು ಸರಿಯಾಗಿ ನಡೆಯುತ್ತಿದ್ದರೆ ಅಳಿಸಬಹುದು. ಅದು ಹಲವು ಜಿಬಿ ಇರುತ್ತದೆ. ರೀಸೈಕಲ್ ಬಿನ್ ಖಾಲಿ ಮಾಡದೆ ಅಲ್ಲಿನ ಜಾಗ ಮರಳಿ ಬರುವುದಿಲ್ಲ.

ಇಷ್ಟಾದ ಮೇಲೆ ಸಿ ಡ್ರೈವ್‌ನಲ್ಲಿ ಐದರಲ್ಲಿ ಒಂದು ಪಾಲು ಖಾಲಿ ಇರಲಿ. ರ್‍ಯಾಮ್ ಕಡಿಮೆ ಇರುವ ಯಂತ್ರ ಕೆಲಸ ಮಾಡುವಾಗ ಡಿಸ್ಕಿನಲ್ಲೂ ಸ್ವಲ್ಪ ಜಾಗ ಬಳಸುತ್ತದೆ. ಅದು ಸಿಗದಿದ್ದರೆ ಎತ್ತು ಕೆಸರಿನಲ್ಲಿ ಸಿಕ್ಕಂತೆ ನಿಲ್ಲುತ್ತದೆ.

ಪುಕ್ಕಟೆ ಕ್ಲೀನರ್ ಸಾಫ್ಟ್‌ವೇರ್ ಗೊಡವೆ ಬೇಡ. ವಿಂಡೋಸ್ ಫೋಲ್ಡರ್‌ನೊಳಗೆ ಕೈ ಹಾಕಿ ಅಳಿಸುವುದೂ ಬೇಡ. ಇಡೀ ಡ್ರೈವ್ ಕಂಪ್ರೆಸ್ ಮಾಡುವ ಆಯ್ಕೆ ಕೂಡ ಹಳೆಯ ಯಂತ್ರವನ್ನು ಇನ್ನಷ್ಟು ನಿಧಾನ ಮಾಡುತ್ತದೆ.

ತುಂಬುವುದು ಫೋನಿನಿಂದಲೇ

ಲ್ಯಾಪ್‌ಟಾಪ್ ಎಷ್ಟು ಖಾಲಿ ಮಾಡಿದರೂ ಬಾಯಿ ಕಟ್ಟದಿದ್ದರೆ ಮತ್ತೆ ತುಂಬುತ್ತದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಅಲ್ಲೇ ಮ್ಯಾನೇಜ್ ಸ್ಟೋರೇಜ್‌ನಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳ ಪಟ್ಟಿಯೂ ಸಿಗುತ್ತದೆ.

ಹೊಲದ ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಯಾವಾಗ, ಎಲ್ಲಿ ತೆಗೆದದ್ದು ಎಂಬ ಒಳಗಿನ ಮಾಹಿತಿಯೂ ಅಳಿಸಿ ಹೋಗುತ್ತದೆ. ದಾಖಲೆಗೆ ಬೇಕಾದದ್ದನ್ನು ಯುಎಸ್‌ಬಿ ಕೇಬಲ್‌ನಲ್ಲಿ ಇಳಿಸಿಕೊಳ್ಳಿ, ಇಲ್ಲವೆ ಡಾಕ್ಯುಮೆಂಟ್ ಆಗಿ ಕಳಿಸಿ.

ಒಂದೇ ಗುಮ್ಮಿಯಲ್ಲಿ ಬೀಜ ಇಡಬೇಡಿ

ಲ್ಯಾಪ್‌ಟಾಪ್‌ನಿಂದ ತೆಗೆದು ಪೆನ್‌ಡ್ರೈವ್‌ಗೆ ಹಾಕಿದರೆ ಜಾಗ ಆಗುತ್ತದೆ, ಆದರೆ ಪ್ರತಿ ಒಂದೇ ಉಳಿಯುತ್ತದೆ. ಅದು ಕಳೆದರೆ ಕತೆ ಮುಗೀತು. ಕಾಳು ಯಾವಾಗಲೂ ಎರಡು ಕಡೆ ಇರಬೇಕು, ಅದರಲ್ಲಿ ಒಂದು ಮನೆ ಹೊರಗೆ ಇದ್ದರೆ ಒಳ್ಳೆಯದು.

ಗೂಗಲ್ ಖಾತೆಯಲ್ಲಿ 15 ಜಿಬಿ ಪುಕ್ಕಟೆ ಇದೆ. ಜೂನ್ 2021ರಿಂದ ಹೊಸದಾಗಿ ಸೇರಿಸುವ ಫೋಟೋಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಜಿಮೇಲ್, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಇದರಲ್ಲೇ. ಮೊದಲಿನ ಲೆಕ್ಕ ನೆನಪಿಸಿಕೊಳ್ಳಿ: ವರ್ಷಕ್ಕೆ 4 ಜಿಬಿ. ಹೊಟ್ಟು ತುಂಬದಿದ್ದರೆ ಮೂರು ವರ್ಷದ ದಾಖಲೆ ಅಲ್ಲೇ ಹಿಡಿಯುತ್ತದೆ.

ಹಳೆಯ ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆಗಳಿರುತ್ತವೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕರೆಂಟು ಹೋದಾಗಲೆಲ್ಲ ಒಮ್ಮೆಲೇ ಆರುತ್ತದೆ. ಬರೆಯುತ್ತಿದ್ದ ಫೈಲು ಅರ್ಧಕ್ಕೇ ಕೆಡಬಹುದು. ಟಕ್-ಟಕ್ ಸದ್ದು ಬಂದರೆ, ಫೈಲು ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ಜಾಗ ಮಾಡುವ ಕೆಲಸ ಬಿಟ್ಟು ಮೊದಲು ಪ್ರತಿ ಮಾಡಿ. ಆಮೇಲೆ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪ್‌ಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಹಳೆಯದೇ ಚುರುಕಾಗುತ್ತದೆ. ಹಾಕಿಸುವಾಗ ಹಳೆಯ ಡಿಸ್ಕ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ತಪ್ಪಿ ಅಳಿಸಿದ್ದರೆ ಆ ಕ್ಷಣವೇ ಲ್ಯಾಪ್‌ಟಾಪ್ ಬಳಸುವುದು ನಿಲ್ಲಿಸಿ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲು, ಅದರ ಮೇಲೆ ಬೇರೆಯದು ಬರೆಯುವ ತನಕ ಉಳಿದಿರಬಹುದು, ತಿಳಿದವರು ತೆಗೆದುಕೊಡಬಲ್ಲರು. ಎಸ್‌ಎಸ್‌ಡಿಯಲ್ಲಿ ಆ ಆಸೆ ತೀರಾ ಕಡಿಮೆ. ನಾನು ಖಾಲಿಯಾದ ಜಾಗಕ್ಕೆ ಅವತ್ತೇ ಹೊಸ ವಿಡಿಯೋ ತುಂಬಿದ್ದೆ. ಇದ್ದೊಂದು ಆಸೆಯೂ ಹೋಯಿತು.

ಅಮಾವಾಸ್ಯೆಗೊಮ್ಮೆ ಅರ್ಧ ತಾಸು

ಅಮಾವಾಸ್ಯೆ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ನಾನು ಅವತ್ತು ಲ್ಯಾಪ್‌ಟಾಪ್ ಹೂಡುತ್ತೇನೆ. ತಿಂಗಳ ಫೋಟೋ ಇಳಿಸುವುದು, ಹೆಸರು ಹಾಕುವುದು, ಎರಡನೇ ಪ್ರತಿ ಮಾಡುವುದು, ಆಮೇಲೆ ಹೊಟ್ಟು ತೂರುವುದು. ನೋಟ್‌ಬುಕ್ಕನ್ನೂ ಬಿಟ್ಟಿಲ್ಲ, ಅದರ ಪುಟಗಳ ಫೋಟೋನೂ ಫೋಲ್ಡರ್‌ಗೆ ಸೇರುತ್ತದೆ.

ಕುಷ್ಟಗಿ ಹುಡುಗ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ. "ಅಣ್ಣಾ, ಏಳು ಸಿನಿಮಾ ತೆಗೆದೆ, ಜಾಗ ಆತು. ತ್ವಾಟದ್ದು ಒಂದೂ ಮುಟ್ಟಿಲ್ಲ" ಅಂದ. ನೀವೂ ಇವತ್ತು ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆಗೆದು ನೋಡ್ರಿ. ನಿಮ್ಮ ಕಾಳು ಅಲ್ಲೇ ಬಿದ್ದಿರಬಹುದು.